ಮಡಚಿ ಹೊಲಿದ ಎರಡೂವರೆ ತಾಸು

ಕೌಲ್ ಬಜಾರಿನ ನಮ್ಮ ಟಿಕೆಟ್ ಅಂಗಡಿಯ ಗೋಡೆಗೆ
ವಿಮಾನದವರು ಕೊಟ್ಟ ನಕ್ಷೆ ಒಂದಿದೆ.
ಹೈದರಾಬಾದಿನಿಂದ ಜಿದ್ದಾಕ್ಕೆ ಎಳೆದ ಕೆಂಪು ಗೆರೆ
ನೆಟ್ಟಗಿಲ್ಲ, ತುಸು ಬೆನ್ನೆತ್ತಿದೆ
ಮೈ ಮುರಿಯುವ ಬೆಕ್ಕಿನ ಹಾಗೆ.

ಇಮಾಂಬಿ ಬಂದಾಗ ಕರೆಂಟು ಹೋಗಿತ್ತು.
ಜೀನ್ಸ್ ಕಾರ್ಖಾನೆಯ ಕಟಿಂಗ್ ಮೇಜಿಗೆ ಇಪ್ಪತ್ತು ವರ್ಷ ನಿಂತವಳು,
ಉಗುರಿನ ಸುತ್ತ ತೊಳೆದರೂ ಹೋಗದ ನೀಲಿ,
ಕೊರಳಲ್ಲಿ ಟೇಪು.
"ಉಮ್ರಾಕ್ಕೆ. ನಂದೊಂದು, ತಂಗಿ ಚಾಂದ್‌ಬೀದೊಂದು.
ಮೊದಲು ಎಷ್ಟು ದೂರ ಐತೆ ಹೇಳು."

ನಾಲ್ಕು ಸಾವಿರ ಕಿಲೋಮೀಟರಿಗೆ ಒಂಚೂರು ಕಮ್ಮಿ, ಅಂದೆ.
ಆ ಸಂಖ್ಯೆ ಆಕೆಯ ಮುಖದ ಮೇಲೆ ಎಲ್ಲೂ ಇಳಿಯಲಿಲ್ಲ.
ಐದೂಮುಕ್ಕಾಲು ತಾಸು, ಅಂದೆ.
"ಹಂಗನ್ನು. ಮೊದಲು ನಾನು ಜಿಪ್ಪಿನ ಮಿಷನ್ ಮ್ಯಾಲೆ ಇದ್ದೆ,
ಒಂದು ಕೂಡಿಸಾಕೆ ನಾಲ್ಕು ನಿಮಿಷ."
ತುಟಿ ಅಲ್ಲಾಡಿತು.
"ಎಂಬತ್ತಾರು ಜಿಪ್ಪು. ಅಷ್ಟೇನಾ?"

ಆಮೇಲೆ ನಕ್ಷೆ ನೋಡಿದಳು.
ಗೆರೆ ಯಾಕೆ ಹಿಂಗೆ ಅಂತ ಎಲ್ಲರೂ ಕೇಳುತ್ತಾರೆ, ನಾನೂ
ಗಾಳಿ, ಗುಡ್ಡ, ಬೇರೆ ದೇಶದವರ ಪರ್ಮಿಷನ್ನು
ಅಂತ ಬಾಯಿಗೆ ಬಂದದ್ದು ಹೇಳುತ್ತೇನೆ;
ಭೂಗೋಳದಲ್ಲಿ ಮೂವತ್ತೈದಕ್ಕೆ ದಾಟಿದವನು.
ಆಕೆ ಕೇಳಲೇ ಇಲ್ಲ.
"ಬಟ್ಟೆ ಚಪ್ಪಟೆ, ಕುಂಡಿ ದುಂಡಗೆ.
ಮೇಜಿನ ಮ್ಯಾಲೆ ಡೊಂಕು ಕತ್ತರಿಸಿದ್ರೇನೇ
ಮೈಮ್ಯಾಲೆ ನೆಟ್ಟಗೆ ಕೂರೋದು.
ಯಾರೋ ಕೆಲಸ ಬಲ್ಲವರು ಎಳೆದಾರೆ."

ಬಿಡುವುದು ರಾತ್ರಿ ಹತ್ತಕ್ಕೆ, ಮುಟ್ಟುವುದು ಒಂದೂಕಾಲಿಗೆ.
ಬೆರಳು ಮಡಚಿ ಎಣಿಸಿದಳು, ಮತ್ತೆ ಬಿಚ್ಚಿ ಎಣಿಸಿದಳು.
"ಮೂರೂಕಾಲೇ ಆಯ್ತಲ್ಲೋ. ಉಳಿದ ಎರಡೂವರೆ?"
ಸೂರ್ಯ ಅಲ್ಲಿಗೆ ತಡವಾಗಿ, ಅಂತ ಶುರು ಮಾಡಿದೆ.
"ಹ್ಞಾಂ, ಒಳಗೆ ಮಡಚಿ ಹೊಲಿದಾರೆ.
ಬರೋವಾಗ ಬಿಚ್ಚಿ ಕೊಡ್ತಾರಾ?"
ಕೊಡ್ತಾರೆ, ಅಂದೆ. ಸುಳ್ಳಲ್ಲ.

ದುಡ್ಡು ತಂದದ್ದು ಪ್ಯಾಂಟಿಲ್ಲದ ಒಂದು ಜೇಬಿನಲ್ಲಿ,
ನಾಲ್ಕೂ ಕಡೆ ಹೊಲಿದು ಮುಚ್ಚಿದ ನೀಲಿ ಜೇಬು.
ನನ್ನ ಮೇಜಿನ ಮೇಲೇ ಬ್ಲೇಡಿನಿಂದ ಬಿಚ್ಚಿದಳು,
ಒಂದು ದಾರವೂ ಬಟ್ಟೆಯನ್ನು ಹಿಡಿದೆಳೆಯದ ಹಾಗೆ.
ನೋಟುಗಳಿಗೆ ಗಂಜಿಯ ವಾಸನೆ. ಎಣಿಸಿದೆ,
ನೂರು ರೂಪಾಯಿ ಹೆಚ್ಚೇ ಇತ್ತು.

ತಿರುಗಿ ಬಂದ ಮೇಲೆ ಖರ್ಜೂರ ಕೊಡಲು ಬಂದಳು,
ಸಣ್ಣ ಬಾಟಲಿಯಲ್ಲಿ ಝಂಝಂ.
ವಿಮಾನ ಹೇಗಿತ್ತು?
"ಕಿಟಕಿ ಚಾಂದ್‌ಬಿಗೆ ಬಿಟ್ಟುಕೊಟ್ಟೆ. ಚಹಾ ತಂದ ಹುಡುಗನ
ಪ್ಯಾಂಟಿನ ಕಾಲ್ಮಡಿಕೆ ಬಿಚ್ಚಿ ಜೋತಿತ್ತು, ಪಾಪ,
ಹೋಗತನಕ ಬರತನಕ ಅದೇ ಕಣ್ಣಾಗೆ.
ನನ್ನ ಹತ್ರ ಕತ್ತರಿ ಇಲ್ಲ, ಕಿತ್ತಿಟ್ಟುಕೊಂಡಿದ್ರು."
ದೂರ ಅನಿಸಿತಾ?
"ಅದೇನು ದೂರ. ದೂರ ಅಂದ್ರೆ
ಹೈದರಾಬಾದಿನಿಂದ ಬಳ್ಳಾರಿ ಬಸ್ಸು.
ಆ ದಾರಿಯಾಗೆ ಒಂದಿಂಚೂ ಯಾರೂ ಮಡಚಿಲ್ಲ."

ಮೆಟ್ಟಿಲಿಳಿದವಳು ನಿಂತು ತಿರುಗಿದಳು.
"ಆ ಜೇಬು ಇಟ್ಟೀಯೇನು?"
ಡ್ರಾದಲ್ಲಿತ್ತು. ಗುಂಡುಸೂಜಿ ತುಂಬಿಕೊಂಡಿದ್ದೆ.
ಮೇಜಿನ ಮೇಲೆ ಸುರಿದು,
ಒಳಗೆ ಬೆರಳಾಡಿಸಿ ನೋಡಿ,
ಕೊಟ್ಟೆ.