ಮರು ಎಣಿಕೆ

ಹದಿನಾಲ್ಕು ವರ್ಷಕ್ಕೆ ಮತ್ತೆ ಬಂದಿದ್ದೇನೆ
ಕಾರ್ಗಲ್ಲಿನಾಚೆ, ಹಿರೇಜಡ್ಡಿಯ ಕಾನಿಗೆ.
ಅದೇ ಅಳತೆ ಟೇಪು, ಅದೇ ನಮೂನೆಯ ಹಾಳೆ,
ಮಂಡಿ ಮಾತ್ರ ಬೇರೆ.

ಮುಂದೆ ದುಗ್ಗಮ್ಮ. ಬರಿಗಾಲು.
ಸೊಂಟದಲ್ಲಿ ಸುಣ್ಣದ ಡಬ್ಬಿ:
ಅರ್ಧ ಎಲೆಗೆ, ಅರ್ಧ ಉಂಬಳಕ್ಕೆ.

"ರಾಂಪತ್ರೆ," ಅನ್ನುತ್ತಾಳೆ. ಬರೆಯುತ್ತೇನೆ.
"ಹೈಗ. ಧೂಪ. ಇದು ಸುರಗಿ, ಮೂಸಿ ನೋಡಿ."
ಹೂವಿಲ್ಲದ ಕಾಲ; ತೊಗಟೆಯನ್ನೇ ಮೂಸುತ್ತೇನೆ
ಪೆದ್ದನಂತೆ. ನಗುತ್ತಾಳೆ.

ಜಡ್ಡಿಯ ನೀರು ನಿಂತೂ ಇಲ್ಲ, ಹರಿದೂ ಇಲ್ಲ.
ಬೇರುಗಳು ಕೆಸರಿಂದ ಮೇಲೆದ್ದು
ಉಸಿರಿಗೆಂದು ಮಂಡಿ ಮಡಚಿ ಕೂತಿವೆ
ಪಂಕ್ತಿಯಲ್ಲಿ ಎಲೆ ಇನ್ನೂ ಬಾರದವರ ಹಾಗೆ.
ಒಂದರ ಮೇಲೆ ಕಪ್ಪೆ, ಉಗುರಿನಷ್ಟು;
ಅದಕ್ಕೆ ನನ್ನ ಹಾಳೆಯಲ್ಲಿ ಕಾಲಮ್ ಇಲ್ಲ.

ಸಿಂಗಳೀಕ ಕಾಣುವ ಮೊದಲು
ಸಿಪ್ಪೆ ಬೀಳುತ್ತದೆ: ಉಪ್ಪಾಗೆ, ಅರ್ಧ ತಿಂದದ್ದು.
ಒಂದು ವರ್ಷ ಉಪ್ಪಾಗೆಗೆ ರೇಟು ಬಂದಾಗ
ಊರಿಗೆ ಊರೇ ನುಗ್ಗಿತಂತೆ ದೋಟಿ ಹಿಡಿದು,
ಹಸಿರಿರುವಾಗಲೇ, ಕೊಂಬೆ ಸಮೇತ.
"ನಾನೂ ಬಂದಿದ್ದೆ," ಅನ್ನುತ್ತಾಳೆ, ಯಾರೂ ಕೇಳದೆ.
"ಎರಡು ಚೀಲ. ಮಗಳ ಕಿವಿಗೆ ಓಲೆ.
ಆ ಮಳೆಗಾಲ ಇವು ಕಾನಲ್ಲಿ ಕೂಗ್ಲೇ ಇಲ್ಲ."
ಎಲೆ ಸರಿಸಿ ಇಣುಕಿದ ಕರೀ ಮುಖ,
ಸುತ್ತ ನರೆತ ಕೂದಲು.
ಅದೂ ಲೆಕ್ಕ ಇಟ್ಟಿದೆಯೋ ಏನೋ.

ಮಂಗಟ್ಟೆ ಹಾರಿತು. ಕಾಣಲಿಲ್ಲ;
ಯಾರೋ ಕಂಬಳಿ ಕೊಡವುತ್ತಾ ಹೋದ ಸದ್ದು ಮಾತ್ರ.

ಒಂದು ಮರಕ್ಕೆ ಅವಳ ಬಳಿ ಹೆಸರಿಲ್ಲ.
"ನಮ್ಮತ್ತೆ ಹೇಳಿರ್ಲಿಲ್ಲ. ಅವರತ್ತೆ ಅವರಿಗೂ ಹೇಳಿರಲಿಕ್ಕಿಲ್ಲ."
ಬುಡಕ್ಕೆ ಕೈಯಿಟ್ಟು ಸುಮ್ಮನೆ ನಿಂತಳು.
"ಇದೆ ಅಂತ ಬರ್ಕಳಿ."
ಬರೆದುಕೊಂಡೆ.

ನಲವತ್ತೊಂದು ಸಿಗಲಿಲ್ಲ.
ನಾನೇ ಮೊಳೆ ಹೊಡೆದ ತಗಡು ಅದು,
ನನ್ನದೇ ಅಕ್ಷರ, ಹೊಸದಾಗಿ ಕೆಲಸಕ್ಕೆ ಸೇರಿದ ವಾರ.
'ಸತ್ತಿದೆ' ಎಂದು ಬರೆಯಹೊರಟವನ ಕೈ ಹಿಡಿದು
ಒಂದು ಕಾಂಡದ ಮೇಲೆ ಇಟ್ಟಳು.
ಎದೆಯೆತ್ತರದಲ್ಲಿ, ಬಾಯಿ ಮುಚ್ಚಿಕೊಂಡ ಗಾಯ;
ತುಟಿಗಳ ನಡುವೆ ಬೆಳ್ಳಗೆ
ಅಕ್ಕಿಕಾಳಿನಷ್ಟು ತಗಡಿನ ಅಂಚು.
ನಂಬರನ್ನು ಮರ ನುಂಗಿತ್ತು.

ಟೇಪು ಸುತ್ತಿದೆ. ಹನ್ನೊಂದು ಸೆಂಟಿಮೀಟರು ಹೆಚ್ಚು.
ಕಾಲ್ಬೆರಳ ಸಂದಿಯಲ್ಲಿ ಉಂಬಳ
ಆಗಿನಿಂದಲೂ ಕುಡಿಯುತ್ತಿತ್ತು.
ದುಗ್ಗಮ್ಮ ಸುಣ್ಣದ ಡಬ್ಬಿ ಚಾಚಿದಳು.
ಇರಲಿ, ಅಂದೆ,
ಅದರದ್ದೂ ಲೆಕ್ಕ ಮುಗಿಯಲಿ.