ಉಂಗುರ ಬೆರಳಿನ ಅರ್ಧ

ವಿಮ್ಸ್ ಡಾಕ್ಟರು ಹೇಳಿದ್ದು ಅರ್ಧ ವಾಕ್ಯ:
"ನರ ಒತ್ತಿಕೊಂಡಿದೆ."
ಯಾವ ನರ, ಎಲ್ಲಿ, ಒತ್ತಿದವರು ಯಾರು
ಎಂದು ಕೇಳುವಷ್ಟರಲ್ಲಿ ನನ್ನ ಸ್ಟೂಲಿನ ಮೇಲೆ
ಸಂಡೂರಿನ ಮುದುಕಿಯೊಬ್ಬಳು ಕೂತಾಗಿತ್ತು.

ಉಳಿದರ್ಧ ಹುಡುಕಿಕೊಂಡು
ರಾತ್ರಿ ಹತ್ತೂವರೆಗೆ ಪಾಠಕ್ಕೆ ಕೂರುತ್ತೇನೆ.
ಕೌಲ್ ಬಜಾರಿನ ಮಾಳಿಗೆ, ಹಗಲ ಬಿಸಿ ಇನ್ನೂ ಬಿಡದ ಗೋಡೆ,
ಒಡೆದ ಗಾಜಿನ ಫೋನು, ಅದಕ್ಕೆ ಆಸರೆ ಒಂದು ದಾರದ ಕೋನು.
ಮೇಡಮ್ ನರೆಗೂದಲಿನವರು, ಇಂಗ್ಲಿಷಿನವರು,
ಯಾವ ಊರೋ, ಅವರ ಕಿಟಕಿಯಲ್ಲಿ ಯಾವಾಗಲೂ ಮಧ್ಯಾಹ್ನ.
ಪಿಯುಸಿ ಸೈನ್ಸು ನಾನು ಓದಿದ್ದು ಒಂದೇ ವರ್ಷ.
ಒಂದು ಮಾತಿಗೆ ಮೂರು ಸಲ ಹಿಂದಕ್ಕೆ ಎಳೆಯುತ್ತೇನೆ,
ತಪ್ಪು ಹೊಲಿಗೆ ಬಿಚ್ಚಿ ಮತ್ತೆ ಹಾಕಿದ ಹಾಗೆ.

ನ್ಯೂರಾನ್ ಎಂದರೆ ಬೇರು ಸಮೇತ ಕಿತ್ತ ಈರುಳ್ಳಿ,
ಮೊದಲ ದಿನ ನನಗೆ ತಿಳಿದದ್ದು ಅಷ್ಟು.
ಬೇರಿನ ಕಡೆಯಿಂದ ಸುದ್ದಿ ಬರುತ್ತದೆ,
ತಾಳಿನ ಕಡೆಯಿಂದ ಹೋಗುತ್ತದೆ.
ಆ ತಾಳು ಸೊಂಟದಿಂದ ಕಾಲ ಹೆಬ್ಬೆರಳ ತನಕ
ಒಂದೇ ಎಳೆ ಎಂದರು ಮೇಡಮ್,
ಗಂಟಿಲ್ಲ, ಜೋಡಣೆಯಿಲ್ಲ.
ಅಲ್ಲೇ ನಿಲ್ಲಿಸಿದೆ.
ದಿನಕ್ಕೆ ನೂರಾ ನಲವತ್ತು ಜೀನ್ಸ್ ಕಾಲು ಹೊಲಿಯುವವಳಿಗೆ
ಆ ಉದ್ದ ಗೊತ್ತು.
ಒಳಗಾಲಿನ ಹೊಲಿಗೆ ಮೂವತ್ತೆರಡೇ ಇಂಚು,
ಅಷ್ಟಕ್ಕೇ ನಡುವೆ ದಾರ ಹರಿಯುತ್ತದೆ.
ಇದು ಅದಕ್ಕಿಂತ ಉದ್ದ. ಹೊಲಿದವರು ಯಾರೋ,
ಪೀಸಿಗೆ ಎಷ್ಟು ಕೊಟ್ಟರೋ.

ನಾಲ್ಕನೇ ಪಾಠ. ನರದ ಮೇಲೊಂದು ಕೊಬ್ಬಿನ ಪೊರೆ,
ನಡುನಡುವೆ ಬಿಟ್ಟ ಚೂರು ಜಾಗ.
ಸುದ್ದಿ ನೇರ ಹರಿಯುವುದಿಲ್ಲವಂತೆ,
ಮುಳುಗಿ ಎದ್ದು, ಮುಳುಗಿ ಎದ್ದು
ಎದ್ದಲ್ಲಿಂದ ಎದ್ದಲ್ಲಿಗೆ ಜಿಗಿಯುತ್ತದಂತೆ.
"ಹೊಲಿಗೆ ಹಂಗೇ ಅಲ್ಲೇನು ತಾಯೀ ಬೀಳೋದು!"
ಫೋನಿಗೆ ಜೋರಾಗಿ ಅಂದುಬಿಟ್ಟೆ.
"ಯಾರ ಕೂಡ ಮಾತು?" ಎಂದು
ತಂಗಿ ಹುಲಿಗೆಮ್ಮ ಮಗ್ಗುಲು ಬದಲಿಸಿದಳು.

ಏಳರಲ್ಲಿ ಮಣಿಕಟ್ಟು ಬಂತು.
ಅದೊಂದು ಓಣಿ, ಮಿಲ್ಲರ್‌ಪೇಟೆಯದರಷ್ಟೇ ಇಕ್ಕಟ್ಟು.
ಒಳಗೆ ಒಂಬತ್ತು ಹುರಿ, ಒಂದು ನರ.
ಹುರಿಗಳು ಬಾತರೆ ನರ ಗೋಡೆಗೆ ಅಂಟಿ ನಿಲ್ಲಬೇಕು,
ಟಂಟಂ ಬಂದಾಗ ನಾವು ನಿಲ್ಲುತ್ತೇವಲ್ಲ.
ಆ ನರದ ಪಾಲು:
ಹೆಬ್ಬೆರಳು, ತೋರುಬೆರಳು, ನಡುಬೆರಳು,
ಉಂಗುರ ಬೆರಳಿನ ಅರ್ಧ.

ಅರ್ಧ?
ಬೆರಳಿಗೂ ಬದು ಹಾಕಿದವರುಂಟೇ?

ಎದ್ದೆ, ಲೈಟು ಹಾಕಿದೆ,
ಹದಿನೆಂಟನೇ ನಂಬರಿನ ಸೂಜಿ ತೆಗೆದೆ.
ನಡುಬೆರಳ ಕಡೆಯ ಅಂಚಿಗೆ ಚುಚ್ಚಿದೆ:
ಯಾರೋ ಪಕ್ಕದ ಮನೆಯ ಕದ ತಟ್ಟಿದರು.
ಕಿರುಬೆರಳ ಕಡೆಯ ಅಂಚಿಗೆ ಚುಚ್ಚಿದೆ:
ಹಾ!
ಮತ್ತೆ ಅಲ್ಲಿ. ಮತ್ತೆ ಇಲ್ಲಿ.
ಸ್ಕೇಲಿಟ್ಟು ಗೆರೆ ಎಳೆದಂತಿತ್ತು.
ನನ್ನ ಕೈ ಸುಳ್ಳು ಹೇಳಿರಲಿಲ್ಲ.
ಏಳು ತಿಂಗಳು ಮೇಸ್ತ್ರಿ "ನಾಟಕ" ಅಂದಿದ್ದ,
ನಾನೂ ಎಲ್ಲೋ ನಂಬಿದ್ದೆ.

ಮರುದಿನ ವಗ್ಗಾಣಿ-ಮಿರ್ಚಿ ಹೊತ್ತಿಗೆ
ಮಾಬುಬಿಗೆ ತೋರಿಸಿದೆ.
ಕತ್ತರಿಸಿಟ್ಟ ನೀಲಿ ಕಾಲಿನ ಒಳಮೈಗೆ ಚಾಕ್‌ಪೀಸಿನಲ್ಲಿ
ಬೇರು, ಗಡ್ಡೆ, ಉದ್ದ ತಾಳು.
ಮುಂದೆ ಇನ್ನೊಂದು ಬರೆದು ನಡುವೆ ಸಂದು ಬಿಟ್ಟೆ.
"ಮುಟ್ಟಿಸಲ್ಲೇನು?" ಎಂದಳು,
ಸಂದು ಕಂಡರೆ ಅವಳ ಕೈ ಸುಮ್ಮನಿರದು.
"ಮುಟ್ಟಲ್ಲ. ಈ ಕಡೇದು ಒಂಚೂರು ಉಪ್ಪುಖಾರ ಚೆಲ್ತೈತೆ,
ಆ ಕಡೇದು ರುಚಿ ನೋಡ್ತೈತೆ."
ಅವಳು ಬಹಳ ಹೊತ್ತು ಆ ಸಂದನ್ನೇ ನೋಡಿದಳು.
ಆಮೇಲೆ ಎಣ್ಣೆ ಒರೆಸಿಕೊಂಡು
ಬಲಗೈ ನನ್ನ ಮುಂದೆ ಹಿಡಿದಳು.
"ಚುಚ್ಚು, ನೋಡಾನ."

ಅವಳ ಹಿಂದೆ ಓವರ್‌ಲಾಕಿನ ಸುಂಕಮ್ಮ,
ಅವಳ ಹಿಂದೆ ಗುಂಡಿ ಕೂರಿಸುವ ಹುಡುಗಿ.
ಮೇಸ್ತ್ರಿ ಎರಡು ಸಲ ಕೂಗಿದ.
ಹನ್ನೊಂದು ಬಲಗೈ. ಏಳರಲ್ಲಿ
ಗೆರೆ ಅದೇ ಜಾಗದಲ್ಲಿ.
ಲೆಕ್ಕವನ್ನು ಚಾಕ್‌ಪೀಸಿನಲ್ಲಿ ಆ ಕಾಲಿನ ಮೇಲೇ ಬರೆದೆ.

ಸಂಜೆಗೆ ಅದು ಹೊಲಿದು ವಾಷಿಂಗಿಗೆ ಹೋಯಿತು.
ಫೋನಿನಲ್ಲಿ ಫೋಟೋ ಇದೆ.