ಮುತ್ತುವುದು

ಬ್ರೂಮಿನ ಈ ಶೆಡ್ಡಿನಲ್ಲಿ ದಕ್ಷಿಣದ ಕಿಟಕಿಗೆ ಮಾತ್ರ ಪರದೆ ಇಲ್ಲ.
ಭೂಮಿಯ ಈ ಮಗ್ಗುಲಲ್ಲಿ ಸೂರ್ಯ ಬಡಗಣಕ್ಕೆ ವಾಲಿ ನಡೆಯುತ್ತಾನೆ;
ಮುತ್ತು ನೋಡಲು ಬೇಕಾದ್ದು ಬಿಸಿಲಲ್ಲ,
ಬಿಸಿಲಿನ ಬೆನ್ನು.

ಬಿಳಿ ಬಟ್ಟೆಯ ಮೇಲೆ ನಿನ್ನೆಯ ಕೊಯ್ಲು.
ಡಲ್ಸಿ ನಿಶಿಮೊರಿ ಕನ್ನಡಕ ಹಣೆಗೇರಿಸಿ
ಕಾಳು ಹಸನು ಮಾಡುವವಳಂತೆ ಬೆರಳಾಡಿಸುತ್ತಾಳೆ.
ದುಂಡನೆಯದು ಅತ್ತ.
ಹನಿಯಂತೆ ಇಳಿದದ್ದು ಇತ್ತ, ಕಿವಿಗೆ.
ಸೊಂಟಕ್ಕೆ ಉಂಗುರ ಬಿದ್ದದ್ದು,
ಸಿಂಪಿಯ ಕತ್ತಲಲ್ಲಿ ಬುಗುರಿಯ ಹಾಗೆ ತಿರುಗುತ್ತಲೇ ಬೆಳೆದದ್ದು,
ಬೇರೆ ತಟ್ಟೆಗೆ.
ದವಡೆ ಹಲ್ಲಿನಂಥದು, ಶುಂಠಿಕೊನೆಯಂಥದು, ಯಾರನ್ನೂ ಹೋಲದ್ದು
ಬರೋಕ್.
‘ಇವಕ್ಕೆ ಗಿರಾಕಿ ಒಬ್ಬನೇ,
ಆದರೆ ಎಲ್ಲೋ ಇದ್ದೇ ಇರುತ್ತಾನೆ.’

ಸ್ವಾತಿ ಮಳೆಯ ಹನಿ ಬಿದ್ದರೆ ಮುತ್ತು
ಎಂದು ನಾನು ಕಲಿತದ್ದು. ಹೇಳಿದೆ ಒಮ್ಮೆ.
‘ಹನಿ ಬಂದರೆ ಸಿಂಪಿಗೇನು? ತೊಂದರೆ ಬರಬೇಕು’ ಅಂದಳು.
ಮರಳನ್ನು ಅದು ಉಗಿಯಬಲ್ಲದು.
ಕೊರೆಯುವ ಹುಳ ಹೊಕ್ಕರೆ, ತನ್ನದೇ ಸೆರಗು ಹರಿದು
ಚೂರೊಂದು ಒಳಮಾಂಸಕ್ಕೆ ನಾಟಿದರೆ, ಆಗ.
ಈಗ ತೊಂದರೆ ನಾವೇ ಕೊಡುತ್ತೇವೆ:
ಎರಡು ಬೆರಳಗಲ ಬಾಯಿ ತೆರೆಸಿ, ಒಂದು ಗೀರು,
ಅಮೆರಿಕದ ಯಾವುದೋ ಹೊಳೆಯ ಚಿಪ್ಪು ಕಡೆದ ಗುಂಡು,
ಜೊತೆಗೆ ಇನ್ನೊಂದು ಸಿಂಪಿಯ ಸೆರಗಿನ ತುಣುಕು.
ಮತ್ತೆ ಕಡಲಿಗೆ. ಎರಡು ವರ್ಷ.
ಹೊರಹಾಕಲಾರದ್ದನ್ನು ಅದು ಮುತ್ತುತ್ತದೆ.

ನನ್ನ ಭಾಷೆಯಲ್ಲಿ ಅದು ಕ್ರಿಯಾಪದವೂ ಹೌದು, ಡಲ್ಸಿ.
ಬೆಲ್ಲವನ್ನು ಇರುವೆ ಮುತ್ತುತ್ತದೆ,
ಕೋಟೆಯನ್ನು ದಂಡು ಮುತ್ತುತ್ತದೆ,
ಮಗುವಿನ ಹಣೆಗೆ ಕೊಟ್ಟರೂ ಮುತ್ತೇ.
ಕೊನೆಯದು ಅವಳಿಗೆ ಹಿಡಿಸಿತು.
ಬಾಯಲ್ಲಿ ಆಡಿಸಿ ನೋಡಿದಳು: ‘ಮುಟು, ಮುಟು.’
ಒತ್ತು ಬರಲಿಲ್ಲ.

ಚಿಪ್ಪಿನ ಗೋಡೆಗೇ ಅಂಟಿಕೊಂಡ ಅರೆಮುತ್ತು ನಾಲ್ಕು.
ಅವು ಮನೆ ಬಿಟ್ಟು ಬರುವವಲ್ಲ,
ಗರಗಸ ಹಾಕಬೇಕು.

ಉಳಿದದ್ದು ಅಂಗೈ ಗುಳಿಯಲ್ಲಿ ಏಳೆಂಟು ಚೂರುಪಾರು.
ಸಿಂಪಿ ಹೇಗೋ ಗುಂಡನ್ನು ಉಗಿದುಬಿಟ್ಟಿದೆ;
ಸೆರಗಿನ ತುಣುಕಿಗೆ ಸುದ್ದಿ ಮುಟ್ಟಿಲ್ಲ.
ಏನೂ ಇಲ್ಲದ್ದನ್ನು ಸುತ್ತಿ, ಸುತ್ತಿ,
ನಟ್ಟನಡುವೆಯೂ ಮುತ್ತೇ ಆದದ್ದು.
ಕೇಶಿ. ಅವಳ ಅಜ್ಜನ ಮಾತಿನಲ್ಲಿ ಗಸಗಸೆ.
ನನಗೆ ಪಾಯಸ ನೆನಪಾಯಿತು, ಪಾಯಸದ ಮೇಲಿನ ನಿದ್ದೆ.
ಅವಳಿಗೆ ಅಜ್ಜ.

ಮುತ್ತಿಗಾಗಿ ಅಲ್ಲ ಅವನು ಮುಳುಗಿದ್ದು, ಗುಂಡಿಗಾಗಿ.
ಲಂಡನ್ನಿನ ಅಂಗಿಗಳ ಗುಂಡಿ. ಆಗ ಚಿಪ್ಪೇ ದುಡ್ಡು.
ತಾಮ್ರದ ಟೋಪಿ, ಸೀಸದ ಬೂಟು,
ಬೆನ್ನ ಹಿಂದೆ ಉಸಿರಿನ ಕೊಳವೆ.
ಒಂದು ಏಪ್ರಿಲ್ಲಿನ ಗಾಳಿಗೆ
ದೋಣಿಯೂ ಸಿಗಲಿಲ್ಲ, ಟೋಪಿಯೂ ಸಿಗಲಿಲ್ಲ.
ಆದರೂ ಜಪಾನೀಯರ ಸ್ಮಶಾನದಲ್ಲಿ ಅವನಿಗೊಂದು ಗುಂಡಿ ತೋಡಿದರು,
ದಡದ ಕಲ್ಲು ನಿಲ್ಲಿಸಿ ಹೆಸರು ಕೊರೆದರು.
ಕೆಳಗೆ ಬರೀ ಕೆಂಪು ಮಣ್ಣು.
ಪ್ರತಿ ಆಗಸ್ಟಿಗೆ ಅಜ್ಜಿ ಅನ್ನ ಇಟ್ಟಳು,
ಆಮೇಲೆ ಅಮ್ಮ,
ಈಗ ಇವಳು. ಅನ್ನ, ಕಾಗದದ ದೀಪ, ಒಂದು ಡಬ್ಬಿ ಬಿಯರ್.
‘ಕುಡಿಯುತ್ತಿದ್ದನೋ ಇಲ್ಲವೋ,
ಕೇಳೋಣ ಅಂದರೆ ಕಂಡವರೇ ಯಾರೂ ಉಳಿದಿಲ್ಲ.’

ಇಷ್ಟು ಹೇಳುವಾಗ ಒಂದು ಕೇಶಿ ಬೆರಳ ಸಂದಿನಿಂದ ಜಾರಿತು.
ಮೇಜಿನಡಿ ಇಬ್ಬರೂ ಮೊಣಕಾಲೂರಿ,
ಟಾರ್ಚು ನೆಲಕ್ಕೆ ಅಡ್ಡ ಹಿಡಿದು,
ಅಲೆ ಇಳಿದ ಮೇಲೆ ಚಿಪ್ಪಾಯುವ ಮಕ್ಕಳ ಹಾಗೆ.
ಕಾಲುಗಂಟೆ. ಬೆಳ್ಳಗೆ ಮಿನುಗಿದ್ದನ್ನು ಡಲ್ಸಿ ಹಿಡಿದಳು,
ಮೇಲಿನ ಹಲ್ಲಿಗೆ ಮೆಲ್ಲನೆ ಉಜ್ಜಿದಳು.
(ನಿಜದ ಮುತ್ತು ತುಸು ಗರಗು.)
ನನ್ನ ನಿನ್ನೆಯ ಬುತ್ತಿಯ ಅನ್ನದಗುಳು,
ಒಣಗಿ ಕಲ್ಲಾಗಿತ್ತು.

ನಕ್ಕಳು. ಎಸೆಯಲಿಲ್ಲ.